ನಂಜನಗೂಡಿನ ತಿರುಮಲಾಂಬಾ, ನೊಹಾಂದ ಜಾರ್ಜ್ ಸ್ಯಾಂಡ್

1913ರಲ್ಲಿ ‘ಸುಶೀಲೆ’ ಎಂಬ ಕಾದಂಬರಿ ಕನ್ನಡದಲ್ಲಿ ಅಚ್ಚಾಯಿತು. ಬರೆದವರು ನಂಜನಗೂಡು ತಿರುಮಲಾಂಬಾ. ಹೊರತಂದದ್ದು ‘ಸತಿಹಿತೈಷಿಣಿ’ ಗ್ರಂಥಮಾಲೆ. ಅದನ್ನು ಕಟ್ಟಿದವರೂ ಅವರೇ. ಆಗ ಅವರ ವಯಸ್ಸು 26. ಬಾಲ್ಯದಲ್ಲೇ ಮದುವೆಯಾಗಿ, 14ಕ್ಕೆ ಗಂಡನನ್ನು ಕಳೆದುಕೊಂಡು, ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರ ಮನೆಯಲ್ಲಿ ಓದುಬರಹ ಬೆಳೆಸಿಕೊಂಡವರು. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕಾ ಸಂಪಾದಕಿ ಎಂದು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ ಅವರ ಹೆಸರು ಭದ್ರವಾಗಿದೆ. ‘ಮೊದಲಿಗರು’ ಎಂಬ ಪಟ್ಟ ಕೊಟ್ಟು, ಅವರ ಬರಹವನ್ನು ಓದುವ ಕಷ್ಟದಿಂದ ಪಾರಾಗುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ಓದಿದ ಕೆಲವರೂ ಒಂದೇ ತೀರ್ಮಾನಕ್ಕೆ ಬಂದು ನಿಂತುಬಿಡುತ್ತಾರೆ: ಆಕೆಯ ಬದುಕು ಕಾಲಕ್ಕಿಂತ ಮುಂದಿತ್ತು, ಬರಹ ಮಾತ್ರ ಪತಿಭಕ್ತಿಯ ಹಳೆಯ ಪಾಠವನ್ನೇ ಒಪ್ಪಿಸಿತು. ಈ ತೀರ್ಮಾನ ತಪ್ಪು ಎಂದು ನನಗೆ ಅನ್ನಿಸುತ್ತದೆ. ಅದರಲ್ಲಿ ಹೇಳಿದ ಸಂಗತಿಗಳು ನಿಜವೇ. ಬದುಕನ್ನೂ ಬರಹವನ್ನೂ ಎರಡು ತಕ್ಕಡಿಗೆ ಹಾಕಿ ತೂಗುವ ಕ್ರಮದಲ್ಲಿ ತಪ್ಪಿದೆ. ಕಾದಂಬರಿಗಾರ್ತಿಯೊಬ್ಬಳ ನಿಲುವನ್ನು ಆಕೆ ಹೇಳಿದ ಕಥೆಯ ಸಾರಾಂಶದಿಂದ ಅಳೆಯಲಾಗದು, ಆಕೆಯ ಖಾಸಗಿ ಬದುಕಿನ ಸುದ್ದಿಯಿಂದಲೂ ಅಳೆಯಲಾಗದು. ಯಾವ ಕಟ್ಟಿನೊಳಗೆ ನಿಂತು ಬರೆದಳು, ಯಾರಿಗಾಗಿ ಬರೆದಳು, ಆ ಬರಹದಿಂದ ಯಾರಿಗೆ ಯಾವ ದಾರಿ ತೆರೆಯಿತು ಎಂಬುದನ್ನು ಕೂಡಿಸಿ ನೋಡಬೇಕು.

ಈ ಮಾತಿಗೆ ದೂರದ ಒಂದು ಉದಾಹರಣೆ ಬಹಳ ನೆರವಾಗುತ್ತದೆ. ಫ್ರಾನ್ಸಿನ ಕಾದಂಬರಿಗಾರ್ತಿ ಜಾರ್ಜ್ ಸ್ಯಾಂಡ್ ಹುಟ್ಟಿದ್ದು 1804ರ ಜುಲೈ 1ರಂದು. ನೆಪೋಲಿಯನ್ನನ ನಾಗರಿಕ ಸಂಹಿತೆ ಜಾರಿಗೆ ಬಂದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂದು ಬರೆದಿಟ್ಟ ಸಂಹಿತೆ ಅದು. 1816ರಲ್ಲಿ ವಿಚ್ಛೇದನವನ್ನೂ ಅಲ್ಲಿ ರದ್ದು ಮಾಡಿದರು. 1884ರವರೆಗೆ ಅದು ಮರಳಲಿಲ್ಲ. ಮುಂದೆ ಜಾರ್ಜ್ ಸ್ಯಾಂಡ್ ಎಂದು ಹೆಸರಾದ ಅರೋರ್ ದ್ಯುಪ್ಯಾಂ ಎಂಬ ಹುಡುಗಿ ಬೆರಿ ಸೀಮೆಯ ನೊಹಾಂ ಎಂಬ ಹಳ್ಳಿಯಲ್ಲಿ, ಅಜ್ಜಿಯ ಜಮೀನಿನ ಮನೆಯಲ್ಲಿ ಬೆಳೆದು, 1822ರಲ್ಲಿ ಕಾಸಿಮೀರ್ ದ್ಯುದೆವಾಂ ಎಂಬಾತನನ್ನು ಮದುವೆಯಾದಳು. ಇಬ್ಬರು ಮಕ್ಕಳಾದ ಮೇಲೆ, 1831ರಲ್ಲಿ, ಬರೆದು ಬದುಕುತ್ತೇನೆಂದು ಪ್ಯಾರಿಸಿಗೆ ಹೊರಟಳು. 1832ರಲ್ಲಿ ಹೊರಬಂದ ‘ಇಂದಿಯಾನ’ ಕಾದಂಬರಿಯ ಮೇಲೆ ಗಂಡಸಿನ ಹೆಸರಿತ್ತು. ವಯಸ್ಸಾದ, ದರ್ಪದ ಗಂಡನ ಕೈಯಲ್ಲಿ ಸಿಕ್ಕಿಬಿದ್ದ ಹೆಣ್ಣಿನ ಕಥೆ ಅದು. ಒಂದೇ ಪುಸ್ತಕದಿಂದ ಆ ಹೆಸರು ಮನೆಮಾತಾಯಿತು. 1836ರಲ್ಲಿ ನ್ಯಾಯಾಲಯದ ಮೂಲಕ ಗಂಡನಿಂದ ಬೇರೆಯಾಗಿ ನೊಹಾಂದ ಮನೆಯನ್ನು ತನ್ನ ಕೈಗೆ ತಂದುಕೊಂಡಳು. ರಾತ್ರಿಯಿಡೀ ಕುಳಿತು ಬರೆಯುವುದು ಆಕೆಯ ರೂಢಿ. ಮಕ್ಕಳು, ಮನೆ, ನಂಟರು, ಸಾಲ ಎಲ್ಲವೂ ಆ ಬರವಣಿಗೆಯ ಸಂಪಾದನೆಯ ಮೇಲೆ ನಿಂತಿದ್ದವು.

ಇಷ್ಟು ದುಡಿದವಳ ಬಗ್ಗೆ ಜಗತ್ತು ನೆನಪಿಟ್ಟುಕೊಂಡದ್ದು ಏನು? ಆಕೆ ಪ್ಯಾಂಟು ತೊಟ್ಟಳು, ಚುಟ್ಟಾ ಸೇದಿದಳು, ಸಂಗೀತಗಾರ ಶೊಪ್ಯಾಂ ಜೊತೆ ಬದುಕಿದಳು. ಪ್ಯಾಂಟಿನ ಕಾರಣವನ್ನು ಆಕೆಯೇ ಆತ್ಮಕಥೆಯಲ್ಲಿ ವಿವರಿಸಿದ್ದಾಳೆ: ಪ್ಯಾರಿಸಿನ ಕೆಸರಿನಲ್ಲಿ ನಾಜೂಕಿನ ಚಪ್ಪಲಿ ನಾಲ್ಕು ದಿನ ಬಾಳುತ್ತಿರಲಿಲ್ಲ, ರಂಗಮಂದಿರದಲ್ಲಿ ಅಗ್ಗದ ಜಾಗಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಹೆಣ್ಣು ಗಂಡಿನ ಉಡುಪು ತೊಡಬೇಕಾದರೆ ಪೊಲೀಸರ ಪರವಾನಗಿ ಬೇಕೆಂಬ ಆಜ್ಞೆ 1800ರಿಂದಲೇ ಆ ನಗರದಲ್ಲಿತ್ತು. ಅಂದರೆ ಆ ಉಡುಪು ಓಡಾಡುವ ಹಕ್ಕಿನ ಪ್ರಶ್ನೆ, ಖರ್ಚಿನ ಪ್ರಶ್ನೆ. ಲೋಕ ಅದನ್ನು ಶೀಲದ ಪ್ರಶ್ನೆ ಮಾಡಿಕೊಂಡಿತು. ಇಂಥ ದಿಟ್ಟೆ ರಾಜಕೀಯದಲ್ಲೂ ಎಲ್ಲರಿಗಿಂತ ಮುಂದಿರಬೇಕಲ್ಲವೆ ಎಂದು ಎಣಿಸಿದವರಿಗೆ 1848 ಅಚ್ಚರಿ ತರುತ್ತದೆ. ಆ ಕ್ರಾಂತಿಯ ದಿನಗಳಲ್ಲಿ ಸ್ಯಾಂಡ್ ಹೊಸ ಗಣರಾಜ್ಯದ ಪ್ರಕಟಣೆಗಳನ್ನು ಬರೆದುಕೊಡುತ್ತಿದ್ದಳು. ಆಗ ಹೆಂಗಸರೇ ನಡೆಸುತ್ತಿದ್ದ ಪತ್ರಿಕೆಯೊಂದು ಶಾಸನಸಭೆಗೆ ಆಕೆಯೇ ಅಭ್ಯರ್ಥಿಯಾಗಲಿ ಎಂದು ಸೂಚಿಸಿತು. ಸ್ಯಾಂಡ್ ಒಪ್ಪಲಿಲ್ಲ, ಬಹಿರಂಗವಾಗಿ, ಖಾರವಾಗಿಯೇ ನಿರಾಕರಿಸಿದಳು. ಮದುವೆಯೊಳಗೆ ಹೆಣ್ಣು ಗಂಡನ ಅಧೀನಳಾಗಿರುವ ತನಕ ಮತದ ಹಕ್ಕು, ಸಭೆಯ ಸ್ಥಾನ ಎಲ್ಲವೂ ಬುಡವಿಲ್ಲದವು, ಮೊದಲು ಮನೆಯೊಳಗಿನ ಕಾನೂನು ಬದಲಾಗಲಿ ಎಂಬುದು ಆಕೆಯ ವಾದ. ಈ ವಾದವನ್ನು ಒಪ್ಪಬೇಕೆಂದಿಲ್ಲ. ಹಕ್ಕು ಕೇಳಲು ಸರದಿ ಇದೆ ಎಂಬ ಮಾತು ಹೆಂಗಸರನ್ನು ಬಹಳ ಕಾಲ ಬಾಗಿಲಾಚೆ ನಿಲ್ಲಿಸಿದೆ. ಫ್ರಾನ್ಸಿನ ಹೆಂಗಸರಿಗೆ ಮತ ಸಿಗಲು 1944 ಆಗಬೇಕಾಯಿತು. ಆದರೆ ಬದುಕಿನಲ್ಲಿ ಕಟ್ಟು ಮುರಿದವಳು ನಿಲುವಿನಲ್ಲಿ ಸಂಯಮಿಯಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅದನ್ನು ತಿಳಿದ ಮೇಲೆ, ನಿಲುವಿನಲ್ಲಿ ಸಂಯಮ ತೋರಿದವಳ ಕೆಲಸ ಕಟ್ಟು ಮುರಿಯುವಂಥದ್ದಾಗಿರಬಹುದು ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಎಚ್.ಡಿ. ಕೋಟೆಯ ಕಡೆಯಿಂದ ಕಪಿಲೆಯ ಜೊತೆಯಲ್ಲೇ ಕೆಳಗೆ ಬಂದರೆ ನಂಜನಗೂಡು ಸಿಗುತ್ತದೆ. ತಿರುಮಲಾಂಬಾ ಅಲ್ಲಿ ಹುಟ್ಟಿದ್ದು 1887ರ ಮಾರ್ಚ್ 25ರಂದು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯಲು ಒಂದು ಕಾನೂನು ತಂದಿತು. ದೇಶದಲ್ಲೇ ಮುಂಚೂಣಿಯ ಕಾನೂನು ಎಂದು ಅದಕ್ಕೆ ಹೆಸರು. ಆದರೆ ಅದು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು, ಮತ್ತು 50 ದಾಟಿದ ಗಂಡಸು 14ರ ಒಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು. ಎಂಟು ದಾಟಿದ ಹುಡುಗಿಗೆ ಅದರಿಂದ ರಕ್ಷಣೆ ಇರಲಿಲ್ಲ. ತಿರುಮಲಾಂಬಾ ಅವರ ಮದುವೆ ಈ ಕಾನೂನಿನ ಕಣ್ಣೆದುರೇ, ಅದನ್ನು ಮೀರದೆ ನಡೆದುಹೋಯಿತು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಅವರ ಗಂಡನನ್ನೂ ತೆಗೆದುಕೊಂಡು ಹೋಯಿತು. ಮೈಸೂರಿನಲ್ಲಿ 1881ರಿಂದಲೇ ಹೆಣ್ಣುಮಕ್ಕಳ ಶಾಲೆ ನಡೆಯುತ್ತಿತ್ತು, ಮುಂದೆ ಅದು ಮಹಾರಾಣಿ ಕಾಲೇಜಾಯಿತು. ಅಷ್ಟು ಹತ್ತಿರದ ಆ ಶಾಲೆ ಈ ಮನೆಯ ಬಾಲವಿಧವೆಗೆ ದೂರವೇ ಉಳಿಯಿತು. ಕನ್ನಡ, ತೆಲುಗು, ತಮಿಳುಗಳನ್ನು ಅವರು ಮನೆಯಲ್ಲೇ ಕಲಿತರು. ಕೂತು ಓದುವುದಕ್ಕೆ ತಂದೆ ಅಡ್ಡಿ ಮಾಡಲಿಲ್ಲ, ಪುಸ್ತಕ ತಂದುಕೊಟ್ಟರು. ಆ ಕಾಲದ ಎಷ್ಟು ಮನೆಗಳಲ್ಲಿ ಇದು ಸಾಧ್ಯವಿತ್ತು ಎಂದು ಕೇಳಿಕೊಂಡರೆ ಆ ತಂದೆಯ ಬೆಲೆ ತಿಳಿಯುತ್ತದೆ.

ಒಬ್ಬ ವಿಧವೆಯ ದಿನಚರಿ ಆ ಮನೆಗಳಲ್ಲಿ ಹೇಗಿರುತ್ತಿತ್ತು ಎಂಬುದು ಹಳೆಯ ತಲೆಮಾರಿನವರಿಗೆ ಗೊತ್ತು. ಶುಭಕಾರ್ಯಕ್ಕೆ ಎದುರು ಬರಬಾರದು, ಹೂವು ಕುಂಕುಮ ಮುಟ್ಟಬಾರದು, ಪಡಸಾಲೆಯಲ್ಲಿ ಪರಗಂಡಸರ ದನಿ ಕೇಳಿದರೆ ಒಳಕ್ಕೆ ಸರಿಯಬೇಕು, ಹೆಸರು ಹಿಡಿದು ಕರೆಯುವವರು ಮನೆಯವರಷ್ಟೇ. ಅಂಥ ಹೆಸರನ್ನು ತಿರುಮಲಾಂಬಾ ಪುಸ್ತಕದ ಮುಖಪುಟದಲ್ಲಿ ಅಚ್ಚು ಹಾಕಿಸಿದರು. ಅದರ ಜೊತೆಗೆ ಊರ ಹೆಸರನ್ನೂ ಸೇರಿಸಿದರು. ಯಾರ ಮಗಳು, ಯಾವ ಬೀದಿಯವಳು ಎಂದು ಹುಡುಕುವವರಿಗೆ ಏನೂ ಕಷ್ಟವಿರಲಿಲ್ಲ. ಪ್ಯಾರಿಸಿನಲ್ಲಿ ಸಾವಿರಾರು ಓದುಗರ ನಡುವೆ ಗಂಡಸಿನ ಹೆಸರಿನ ಮರೆ ಬೇಕೆನಿಸಿತು ಸ್ಯಾಂಡ್‌ಗೆ. ನಂಜನಗೂಡಿನಂಥ ಕ್ಷೇತ್ರದಲ್ಲಿ, ತೇರಿನ ಬೀದಿಯಲ್ಲಿ ಎಲ್ಲರಿಗೂ ಎಲ್ಲರ ಗುರುತಿರುವ ಊರಿನಲ್ಲಿ, ಈಕೆ ಯಾವ ಮರೆಯನ್ನೂ ಬಯಸಲಿಲ್ಲ. ಮುಂದಿನ ತಲೆಮಾರಿನಲ್ಲಿ ಮೈಸೂರಿನ ಅನಸೂಯಾ ಶಂಕರ್ ಕೂಡ ‘ತ್ರಿವೇಣಿ’ ಎಂಬ ಕಾವ್ಯನಾಮದಲ್ಲೇ ಬರೆದರು. ಧೈರ್ಯದ ಪಂದ್ಯ ಕಟ್ಟಿ ಯಾರು ಹೆಚ್ಚು ಎಂದು ಹೇಳುವುದಕ್ಕಾಗಿ ಈ ಮಾತಲ್ಲ. ಆದರೆ ಪತಿಭಕ್ತಿಯ ಕಥೆ ಬರೆದವರು ಎಂದು ಅಂಚಿಗೆ ಸರಿಸುವ ಮುನ್ನ, ಆ ಮುಖಪುಟವನ್ನು ಒಂದು ಸಾಕ್ಷಿಯಾಗಿ ಎದುರಿಗಿಡಬೇಕು.

ಎರಡನೆಯ ಸಾಕ್ಷಿ ಗ್ರಂಥಮಾಲೆ. 1911ರ ಜನಗಣತಿಯ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬಿಬ್ಬರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಆಗಿನ್ನೂ ಎಡತೊರೆ ಎನಿಸಿಕೊಳ್ಳುತ್ತಿದ್ದ ಕೃಷ್ಣರಾಜನಗರದ ಸೀಮೆ, ಇಲ್ಲೆಲ್ಲ ಅದು ಇನ್ನೂ ಕಡಿಮೆಯೇ ಇದ್ದಿರಬೇಕು. ಹಾಗಿರುವಾಗ ಹೆಂಗಸರಿಗಾಗಿಯೇ ಒಂದು ಪುಸ್ತಕಮಾಲೆ ನಡೆಸುತ್ತೇನೆ ಎಂದು ಹೊರಡುವುದೆಂದರೆ, ಇನ್ನೂ ಹುಟ್ಟದ ಓದುಗರನ್ನು ನಂಬಿ ಕಾಗದ ಕೊಳ್ಳುವುದು. ‘ಸುಶೀಲೆ’ಯ ಹಿಂದೆಯೇ ‘ನಭಾ’ ಬಂತು, ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ಮಾತೃನಂದಿನಿ’ಯಂಥ ಪುಸ್ತಕಗಳು ಬಂದವು. ಇಷ್ಟಕ್ಕೇ ನಿಲ್ಲದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ, ಆಮೇಲೆ ‘ಸನ್ಮಾರ್ಗದರ್ಶಿನಿ’ ಎಂಬ ಇನ್ನೊಂದು. ಪತ್ರಿಕೆ ನಡೆಸಿದ ಯಾರಿಗೇ ಆದರೂ ಗೊತ್ತು, ಅದು ಬರೆಯುವ ಕೆಲಸಕ್ಕಿಂತ ಹೆಚ್ಚಾಗಿ ಬರೆಸುವ ಕೆಲಸ. ಅಚ್ಚುಕೂಟದವರೊಡನೆ ವ್ಯವಹಾರ, ಕರಡು ತಿದ್ದುವುದು, ಚಂದಾದಾರರ ವಿಳಾಸ, ಅಂಚೆಯ ಲೆಕ್ಕ, ಬಾಕಿ ವಸೂಲಿ. ಪರಗಂಡಸರ ಎದುರು ನಿಲ್ಲಬಾರದವಳು ಇದೆಲ್ಲವನ್ನೂ ನಡೆಸಿದಳು. ಸ್ಯಾಂಡ್ ಕೂಡ 1841ರಲ್ಲಿ ಗೆಳೆಯರೊಡನೆ ಒಂದು ವಿಮರ್ಶಾ ಪತ್ರಿಕೆಯನ್ನು ಕಟ್ಟಿದ್ದಳು. ಆದರೆ ಆಕೆಗೆ ಪ್ಯಾರಿಸಿನ ಪ್ರಕಾಶಕರು ಸಾಲುಗಟ್ಟಿ ನಿಂತಿದ್ದರು. ತಿರುಮಲಾಂಬಾ ಲೇಖಕಿಯಾಗಬೇಕಾದರೆ ಮೊದಲು ಪ್ರಕಾಶಕಿಯಾಗಲೇಬೇಕಿತ್ತು.

ಇನ್ನು ಮುಖ್ಯ ಆಕ್ಷೇಪಣೆಗೆ ಬರೋಣ. ಇಷ್ಟೆಲ್ಲ ಮಾಡಿ ಆಕೆ ಹೆಂಗಸರಿಗೆ ಹೇಳಿಕೊಟ್ಟದ್ದು ತಾಳ್ಮೆಯನ್ನಲ್ಲವೆ? ದಾರಿ ತಪ್ಪಿದ ಗಂಡನನ್ನು ಶೀಲದ ಬಲದಿಂದ ತಿದ್ದುವ ಹೆಂಡತಿ, ಕಷ್ಟವನ್ನು ನುಂಗಿ ಕೊನೆಯಲ್ಲಿ ಗೆಲ್ಲುವ ಸಾಧ್ವಿ, ಇವರೇ ಅಲ್ಲವೆ ಆಕೆಯ ಆದರ್ಶ? ಹೌದು. ಇದನ್ನು ಮುಚ್ಚಿಡುವುದು ಅಪ್ರಾಮಾಣಿಕವಾಗುತ್ತದೆ. ಗ್ರಂಥಮಾಲೆಯ ಹೆಸರಲ್ಲೇ ಆ ಆದರ್ಶವಿದೆ. ಇಂಥ ಕಥೆ ಓದಿ ಹೊಡೆತ ತಿನ್ನುವುದೇ ಧರ್ಮವೆಂದು ಸುಮ್ಮನಾದ ಹೆಂಗಸರು ಇದ್ದಿರಬಹುದು, ಅದರ ಹೊಣೆಯಿಂದ ಲೇಖಕಿಯನ್ನು ಪೂರ್ತಿ ಬಿಡಿಸಲಾಗದು. ಆದರೂ ಎರಡು ಮಾತು ಹೇಳಬೇಕು. ಒಂದು, ಮನೆಯ ಹಿರಿಯರು ಹೆಣ್ಣಿನ ಕೈಗೆ ಯಾವ ಪುಸ್ತಕ ಕೊಡುತ್ತಿದ್ದರು ಎಂಬುದು. ಕಾದಂಬರಿ ಎಂದರೇ ಹೆಣ್ಣುಮಕ್ಕಳು ಕೆಡುತ್ತಾರೆ ಎಂಬ ಭಯ ಮನೆಮನೆಯಲ್ಲಿ ಇದ್ದ ಕಾಲ ಅದು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಮೈಸೂರಿನಲ್ಲಿ ಓದುವ ಹುಚ್ಚು ಹಿಡಿಸಿದ್ದರು ನಿಜ, ಆ ಹುಚ್ಚು ಅಡುಗೆಮನೆಯ ಹೊಸ್ತಿಲು ದಾಟುವುದು ಸುಲಭವಿರಲಿಲ್ಲ. ಹೆಂಗಸೇ ಬರೆದ, ಸತಿಧರ್ಮದ ಹೆಸರು ಹೊತ್ತ ಪುಸ್ತಕಕ್ಕೆ ಆ ಹೊಸ್ತಿಲಲ್ಲಿ ತಡೆ ಇರಲಿಲ್ಲ. ಎರಡನೆಯದು ಇನ್ನೂ ಮುಖ್ಯ. ಕಥೆಯ ಕೊನೆ ಏನೇ ಇರಲಿ, ಓದುವಷ್ಟು ಹೊತ್ತು ಆ ಹೆಣ್ಣು ಒಲೆಯ ಮುಂದಿನ ಕೆಲಸ ಬಿಟ್ಟು ಒಂಟಿಯಾಗಿ, ತನ್ನ ಮನಸ್ಸಿನ ಜೊತೆ ಕೂತಿದ್ದಳು. ತನ್ನಂಥದೇ ಇನ್ನೊಂದು ಹೆಣ್ಣಿನ ಸಂಕಟ ನೂರಾರು ಪುಟ ಬರೆಯಲು ಯೋಗ್ಯವಾದ ವಿಷಯ ಎಂದು ಆಕೆಗೆ ಮೊದಲ ಸಲ ತಿಳಿದಿತ್ತು. ಗಂಡ ಕೊನೆಗೆ ತಿದ್ದಿಕೊಂಡ ಎಂದು ಬರೆಯಬೇಕಾದರೆ, ಗಂಡ ತಪ್ಪು ಮಾಡುತ್ತಾನೆ ಎಂದು ಮೊದಲು ನೂರು ಪುಟ ತೋರಿಸಲೇಬೇಕಲ್ಲ. ಆ ನೂರು ಪುಟಗಳನ್ನು ಹಿರಿಯರು ಗಮನಿಸಿದಂತಿಲ್ಲ. ಓದಿದ ಹೆಂಗಸರು ಗಮನಿಸದೆ ಇರುವುದು ಸಾಧ್ಯವೇ ಇಲ್ಲ.

ಇದಕ್ಕಿಂತ ಚೂಪಾದ ಆಕ್ಷೇಪಣೆ ಇನ್ನೊಂದಿದೆ. 1899ರಲ್ಲೇ ಮಂಗಳೂರಿನಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿತ್ತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ಆ ಪುಸ್ತಕದಲ್ಲಿ ವಿಧವೆ ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಪೊಲೀಸ್ ಇಲಾಖೆಯಲ್ಲಿದ್ದ ಗಂಡಸೊಬ್ಬ 1899ರಲ್ಲಿ ಹೇಳಿದ್ದನ್ನು, ಸ್ವತಃ ಬಾಲವಿಧವೆಯಾಗಿದ್ದ ಹೆಣ್ಣು 14 ವರ್ಷದ ಮೇಲೂ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ, ಏಕೆ? ಗುಲ್ವಾಡಿಯವರ ಎದೆಗಾರಿಕೆ ದೊಡ್ಡದೇ. ಆದರೆ ಅವರು ವಿಧವೆಯರ ಪರವಾಗಿ ವಾದಿಸಿದಾಗ ಜನ ಕೇಳಿಸಿಕೊಂಡದ್ದು ಒಬ್ಬ ಸುಧಾರಕನ ವಾದವನ್ನು. ಅದೇ ವಾದವನ್ನು ವಿಧವೆಯೇ ಮಾಡಿದ್ದರೆ ಕೇಳಿಸುತ್ತಿದ್ದುದು ಆಕೆಯ ಸ್ವಂತ ಆಸೆ. ನಂಜನಗೂಡಿನ ಬೀದಿ ಮರುದಿನವೇ ತೀರ್ಪು ಕೊಟ್ಟುಬಿಡುತ್ತಿತ್ತು: ಇವಳಿಗೆ ಮತ್ತೆ ಮದುವೆ ಬೇಕಾಗಿದೆ. ಆಮೇಲೆ ಯಾವ ಮನೆಯ ಸೊಸೆಯ ಕೈಗೂ ಆ ಪುಸ್ತಕ ಹೋಗುತ್ತಿರಲಿಲ್ಲ. ಸ್ಯಾಂಡ್‌ಗೆ ಆದದ್ದು ಇದೇ ತಾನೆ? ಮದುವೆಯ ಕಾನೂನಿನ ಬಗ್ಗೆ ಆಕೆ ಬರೆದ ಪ್ರತಿ ಸಾಲನ್ನೂ ಆಕೆಯ ಪ್ರಣಯದ ಲೆಕ್ಕಕ್ಕೆ ಬರೆದುಕೊಂಡರು. ಗಂಡಸಿನ ಮಾತಿಗೆ ವಿಚಾರ ಎಂಬ ಹೆಸರು, ಹೆಂಗಸಿನ ಮಾತಿಗೆ ಬಯಕೆ ಎಂಬ ಹೆಸರು. ಈ ಕಷ್ಟವನ್ನು ಒಬ್ಬಳು ಲೆಕ್ಕಿಸದೆ ನುಗ್ಗಿದಳು, ತನ್ನ ಕಾದಂಬರಿಗಳನ್ನು ತನ್ನ ಬದುಕಿನ ಸುದ್ದಿಗೆ ಬಲಿಕೊಟ್ಟಳು. ಇನ್ನೊಬ್ಬಳು ತನ್ನ ಬದುಕಿನ ಬಗ್ಗೆ ಒಂದಕ್ಷರವನ್ನೂ ಯಾರೂ ಆಡದಂತೆ ನೋಡಿಕೊಂಡು, ಪುಸ್ತಕವನ್ನು ಮನೆಯೊಳಗೆ ಕಳಿಸಿದಳು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ, ಅವರೂ ಬಾಲವಿಧವೆಯೇ, ಮುಂದೆ ‘ಸರಸ್ವತಿ’ ಪತ್ರಿಕೆ ನಡೆಸಿದರು, ಮಕ್ಕಳ ಕೂಟ ಕಟ್ಟಿದರು. ಅವರ ದಾರಿಯೂ ಹೆಚ್ಚುಕಡಿಮೆ ಇದೇ. ಒಂದೇ ಕಾಲದಲ್ಲಿ ಇಬ್ಬರು ವಿಧವೆಯರು ಒಂದೇ ದಾರಿ ಹಿಡಿದರೆಂದ ಮೇಲೆ ಅದು ಒಬ್ಬಳ ಅಂಜಿಕೆ ಎನ್ನುವುದಕ್ಕಿಂತ ತೆರೆದಿದ್ದ ಒಂದೇ ಹಾದಿ ಎನ್ನುವುದು ಸರಿ.

ಸಾಹಿತ್ಯದ ಗುಣದ ಪ್ರಶ್ನೆಯನ್ನು ಇಲ್ಲಿ ಬಹಳ ಬೆಳೆಸುವ ಅಗತ್ಯವಿಲ್ಲ. ತಿರುಮಲಾಂಬಾ ಅವರ ಗದ್ಯ ಸಂಸ್ಕೃತದ ಭಾರ ಹೊತ್ತದ್ದು, ನೀತಿಯ ಮಾತು ಕಥೆಯ ನಡುವೆ ನುಗ್ಗುತ್ತದೆ. ನವೋದಯದ ವಿಮರ್ಶೆ ಬಂದಾಗ ಆ ಬರಹ ಅದರ ಅಳತೆಗೆ ನಿಲ್ಲಲಿಲ್ಲ, ಅವರ ಲೇಖನಿಯೂ ಬಹಳ ಬೇಗ ಮೌನವಾಯಿತು. ಸ್ಯಾಂಡ್‌ಳ ಮೇಲೂ ಇದೇ ದೂರು ಇತ್ತು. ಕೊನೆಗಾಲದ ಆಪ್ತ ಗೆಳೆಯ, ಕಾದಂಬರಿಕಾರ ಫ್ಲೊಬೇರ್ ಜೊತೆಗೆ ಆಕೆಯ ಪತ್ರವ್ಯವಹಾರದಲ್ಲಿ ಈ ಜಗಳ ವರ್ಷಗಟ್ಟಲೆ ನಡೆದಿದೆ: ಕಲಾವಿದ ತನ್ನ ಅಭಿಪ್ರಾಯವನ್ನು ಕೃತಿಯಲ್ಲಿ ತೋರಿಸಬಾರದು ಎಂದು ಆತ, ಓದುಗರಿಗೆ ಸಾಂತ್ವನ ಕೊಡದ ಕಲೆ ಏತಕ್ಕೆ ಎಂದು ಆಕೆ. ಕಲೆಯ ಇತಿಹಾಸ ಫ್ಲೊಬೇರನ ಕಡೆ ನಿಂತಿತು. ಆದರೂ ಆತನೇ ಒಬ್ಬ ಮನೆಗೆಲಸದ ಹೆಣ್ಣಿನ ಕಥೆಯನ್ನು ಈ ಗೆಳತಿಯನ್ನು ಮೆಚ್ಚಿಸಲೆಂದೇ ಬರೆಯತೊಡಗಿದ. 1876ರ ಜೂನಿನಲ್ಲಿ ಆಕೆ ತೀರಿಕೊಂಡಾಗ ಅದಿನ್ನೂ ಮುಗಿದಿರಲಿಲ್ಲ. ನೀತಿ ಹೇಳುವ ಬರಹ ಮುಂದಿನವರ ಉತ್ತಮ ಬರಹಕ್ಕೆ ನೆಲ ಹದ ಮಾಡುತ್ತದೆ ಎಂಬುದಕ್ಕೆ ನಮ್ಮಲ್ಲೂ ಪುರಾವೆ ಇದೆ. ತಿರುಮಲಾಂಬಾ ‘ಸುಶೀಲೆ’ ಬರೆದ ಐವತ್ತು ವರ್ಷದೊಳಗೆ ಮೈಸೂರಿನಲ್ಲೇ ತ್ರಿವೇಣಿ ‘ಶರಪಂಜರ’ ಬರೆದರು. ಬಾಣಂತಿತನದ ಮನೋರೋಗದಿಂದ ಗುಣಮುಖಳಾಗಿ ಬಂದ ಹೆಂಡತಿಯನ್ನು ಮನೆಯೇ ಮತ್ತೆ ಹುಚ್ಚಿಗೆ ತಳ್ಳುವ ಕಥೆ. ಅಲ್ಲಿ ಗಂಡ ತಿದ್ದಿಕೊಳ್ಳುವುದಿಲ್ಲ. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರ ಇಪ್ಪತ್ತರಷ್ಟು ಕಾದಂಬರಿಗಳಿಗೆ ಕಾದು ಕೂರುವ ಹೆಂಗಸರು ಅಷ್ಟರಲ್ಲಾಗಲೇ ರಾಜ್ಯದ ತುಂಬ ಇದ್ದರು. ಓದುವ ಹೆಂಗಸು ಎಂಬ ಆ ಸಮುದಾಯ ತಾನಾಗಿ ಉದ್ಭವಿಸಿದ್ದಲ್ಲ.

ಮರೆವು ಕೂಡ ಇಬ್ಬರ ಪಾಲಿಗೂ ಬಂತು. ಸ್ಯಾಂಡ್ ತೀರಿಕೊಂಡ ಮೇಲೆ ಬಹುಕಾಲ ಶೊಪ್ಯಾಂ ಜೀವನಚರಿತ್ರೆಯ ಒಂದು ಅಧ್ಯಾಯವಾಗಿ ಉಳಿದಳು. ಜಾರ್ಜ್ ಲ್ಯುಬ್ಯಾಂ ಎಂಬ ವಿದ್ವಾಂಸ 1964ರಿಂದ ಆಕೆಯ ಪತ್ರಗಳನ್ನು ಸಂಪುಟ ಸಂಪುಟವಾಗಿ, ಒಟ್ಟು 26 ಸಂಪುಟಗಳಲ್ಲಿ ಹೊರತಂದ ಮೇಲೆ, ದುಡಿಯುವ, ವಾದಿಸುವ, ಲೆಕ್ಕ ಬರೆಯುವ ಲೇಖಕಿ ಕಾಣಿಸಿಕೊಂಡಳು. ತಿರುಮಲಾಂಬಾ ಬರೆಯುವುದನ್ನು ನಿಲ್ಲಿಸಿ, ಮದರಾಸಿಗೆ ಹೋಗಿ ನೆಲೆಸಿ, 1982ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೆಂಗಳೂರಿನ ಎನ್‌ಎಂಕೆಆರ್‌ವಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರಂಥವರು ಅಕ್ಕರೆಯಿಂದ ಮುಂದಾಗದಿದ್ದರೆ ಈ ಹೆಸರು ಪೂರ್ತಿ ಅಳಿಸಿಹೋಗುತ್ತಿತ್ತೇನೋ. ಆ ಕಾಲೇಜಿನ ‘ಶಾಶ್ವತಿ’ ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡತೊಡಗಿತು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ಭಾರತೀಯ ಲೇಖಕಿಯರ ದೊಡ್ಡ ಸಂಕಲನದಲ್ಲಿ ಅವರ ಬರಹಕ್ಕೂ ಜಾಗ ಸಿಕ್ಕಿತು. ಇವೆಲ್ಲ ಗೌರವಗಳು. ಲ್ಯುಬ್ಯಾಂ ಮಾಡಿದ ಬಗೆಯ ಕೆಲಸ ಬೇರೆಯದು. ‘ಕರ್ನಾಟಕ ನಂದಿನಿ’ಯ ಸಂಚಿಕೆಗಳನ್ನು ಒಟ್ಟಿಗಿಟ್ಟು ಪುಟ ಪುಟವಾಗಿ ಓದದೆ, ಯಾವ ಹೆಂಗಸರಿಂದ ಅವರು ಬರೆಸಿದರು, ಯಾವ ವಿಷಯಕ್ಕೆ ಜಾಗ ಕೊಟ್ಟರು ಎಂದು ನೋಡದೆ, ಅವರ ನಿಲುವು ಇಂಥದ್ದೇ ಎಂದು ಮುದ್ರೆ ಒತ್ತುವುದು ಅವಸರವಾಗುತ್ತದೆ. ಸಂಪಾದಕಿಯ ಮನಸ್ಸು ಕಥೆಯ ಕೊನೆಗಿಂತ ಹೆಚ್ಚಾಗಿ ಇಂಥ ಆಯ್ಕೆಗಳಲ್ಲಿ ಇರುತ್ತದೆ.

ಒಂದು ಆಕ್ಷೇಪಣೆಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ತಿರುಮಲಾಂಬಾ ಬರೆದದ್ದು ಯಾವ ಹೆಂಗಸರ ಬದುಕನ್ನು? ಪಡಸಾಲೆ, ನಡುಮನೆ, ಅಡುಗೆಮನೆ ಇರುವ ಮನೆಗಳ ಹೆಂಗಸರದನ್ನು. ಕಪಿಲೆಯ ದಡದಲ್ಲಿ ನಾಟಿ ಹಾಕುವವಳು, ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಯವಳು, ಚುಂಚನಕಟ್ಟೆಯ ಜಾತ್ರೆಗೆ ದನ ಹೊಡೆದುಕೊಂಡು ಬರುವವಳು ಆ ಕಥೆಗಳ ನಾಯಕಿಯಾಗಲಿಲ್ಲ. ಸ್ಯಾಂಡ್ ಇಲ್ಲಿ ನಿಜಕ್ಕೂ ಬೇರೆ. ನೊಹಾಂದ ರೈತರ ಮಕ್ಕಳ ಜೊತೆ ಹೊಲದಲ್ಲಿ ಓಡಾಡಿ ಬೆಳೆದವಳು, 1846ರ ‘ದೆವ್ವದ ಕೊಳ’ದಿಂದ ಮೊದಲುಮಾಡಿ ಬೆರಿಯ ಹಳ್ಳಿಗಾಡನ್ನೇ ಕಾದಂಬರಿಗೆ ತಂದಳು. ಹೆತ್ತವರು ಬಿಟ್ಟುಹೋದ ಮಗುವಿನ ಕಥೆ ‘ಫ್ರಾಂಸ್ವಾ’ವನ್ನು ಅಲ್ಲಿ ಹೇಳುವವರು ಪಾದ್ರಿಯ ಮನೆಯ ಆಳುಹೆಂಗಸು ಮತ್ತು ನಾರು ಬಡಿದು ಹಸನು ಮಾಡುವ ಕೂಲಿಯವನು, ಕೆಲಸ ಮುಗಿದ ಸಂಜೆಯಲ್ಲಿ. ಪ್ಯಾರಿಸಿನವನಿಗೂ ಅರ್ಥವಾಗಬೇಕು, ಪಕ್ಕದಲ್ಲಿ ಕೂತ ರೈತನಿಗೂ ಅರ್ಥವಾಗಬೇಕು, ಅಂಥ ಭಾಷೆ ಯಾವುದು ಎಂದು ಆಕೆ ಆ ಪುಸ್ತಕದ ಮುನ್ನುಡಿಯಲ್ಲೇ ತಲೆ ಕೆಡಿಸಿಕೊಂಡಿದ್ದಾಳೆ. ಜಮೀನಿನ ಒಡತಿ ರೈತರನ್ನು ಚೆಂದಗಾಣಿಸಿದಳು ಎಂಬ ದೂರು ಇದೆ; ಇರಲಿ, ಆಕೆ ಆ ಹೊಲಕ್ಕೆ ಕಾಲಿಟ್ಟಿದ್ದಳು. ನಂಜನಗೂಡಿನ ಬ್ರಾಹ್ಮಣ ವಿಧವೆಗೆ ಆ ಅವಕಾಶವೇ ಇರಲಿಲ್ಲ. ಮಡಿ, ಜಾತಿ ಮತ್ತು ವೈಧವ್ಯ ಸೇರಿ ಅವರು ನಡೆಯಬಹುದಾದ ನೆಲವನ್ನು ಕೆಲವು ಅಂಕಣಗಳಿಗೆ ಇಳಿಸಿದ್ದವು. ಕಾದಂಬರಿಯ ವಿಸ್ತಾರವೂ ಅಷ್ಟೇ ಆಯಿತು. ಇದು ಅವರನ್ನು ಸಮರ್ಥಿಸುವ ಕಾರಣವಾಗಬಹುದು, ಆದರೆ ಇಲ್ಲದ್ದನ್ನು ಇದೆ ಎನ್ನಲಾಗದು.

ಮೈಸೂರು ಸೀಮೆಯ ಹಳ್ಳಿಗಾಡನ್ನು ಕಾದಂಬರಿಗೆ ತಂದ ದೊಡ್ಡ ಹೆಸರುಗಳು ಗಂಡಸರವು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಚದುರಂಗ, ಅಂದರೆ ಸುಬ್ರಹ್ಮಣ್ಯರಾಜೇ ಅರಸ್, ‘ಸರ್ವಮಂಗಳಾ’ದಲ್ಲಿ ಹೆಣ್ಣಿನ ಮದುವೆಯ ಸಂಕಟವನ್ನು ಬರೆದು, ‘ವೈಶಾಖ’ದಲ್ಲಿ ಮೈಸೂರು ಸೀಮೆಯ ಆಡುಮಾತನ್ನೇ ಕಾದಂಬರಿಯ ನುಡಿಯಾಗಿಸಿದರು. ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವರ ‘ಕುಸುಮಬಾಲೆ’ಯೂ ಬಂತು. ತಿರುಮಲಾಂಬಾ ಅವರ ಊರ ಸುತ್ತಲ ನೆಲ ಎಷ್ಟು ದನಿಗಳಲ್ಲಿ ಮಾತಾಡುತ್ತದೆ ಎಂದು ಕನ್ನಡಕ್ಕೆ ಆಗ ಕೇಳಿಸಿತು. ಆ ಮಾತುಗಳನ್ನು ಹೆಂಗಸರೇ ಬರೆದುಕೊಂಡಿದ್ದರೆ ಹೇಗಿರುತ್ತಿತ್ತು ಎಂಬ ಪ್ರಶ್ನೆ ಉಳಿದಿದೆ. ಇದು ಕಲ್ಪನೆಗೆ ಬಿಟ್ಟ ಪ್ರಶ್ನೆಯಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕಾಲ ಬಂತೆಂದರೆ ಹೆಂಗಸರು ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು, ಹಸಿ ಎಲೆಗಳನ್ನು ಜೊತೆ ಮಾಡಿ ದಾರದಲ್ಲಿ ಕಡ್ಡಿಗೆ ಕಟ್ಟುತ್ತಾರೆ. ಬೆರಳಿಗೆ ಅಂಟು ಹತ್ತಿ ಕಪ್ಪಾಗುತ್ತದೆ, ಊಟಕ್ಕೆ ಕೈಯಿಟ್ಟರೆ ಕಹಿ. ಸೊಪ್ಪು ಒಳಗೆ ಏರಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರದಂತೆ, ಕಾವು ಹೆಚ್ಚುಕಡಿಮೆ ಆಗದಂತೆ ಯಾರಾದರೂ ಕಾಯಬೇಕು. ಕಟ್ಟೆಮಳಲವಾಡಿಯ, ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲಿನ ದರ ಕೂಗುವ ಹೊತ್ತಿಗೆ ಈ ಕೈಗಳು ಎಲ್ಲೂ ಕಾಣುವುದಿಲ್ಲ. ಎಲೆ ಕಟ್ಟುವಾಗ ಅವರು ಸುಮ್ಮನೆ ಕೂತಿರುವುದಿಲ್ಲ. ಸಾಲ, ಸೊಸೆ, ಮಗನ ಕುಡಿತ, ಬೆಂಗಳೂರಿಗೆ ಹೋದ ಮಗಳು ಎಲ್ಲವೂ ಮಾತಿಗೆ ಬರುತ್ತದೆ, ಕಥೆ ಕಟ್ಟುವ ಜಾಣ್ಮೆಯಲ್ಲೇ ಬರುತ್ತದೆ. ಸ್ಯಾಂಡ್ ನಾರು ಬಡಿಯುವವನ ಪಕ್ಕ ಕೂತು ಕೇಳಿಸಿಕೊಂಡದ್ದು ಇಂಥದೇ ಮಾತನ್ನು. ಇವತ್ತು ಈ ಸೀಮೆಯ ಪದವಿ ಕಾಲೇಜುಗಳಲ್ಲಿ ಕನ್ನಡ ಐಚ್ಛಿಕ ಓದುವ ಹುಡುಗಿಯರಲ್ಲಿ ಬಹಳ ಮಂದಿಯ ತಾಯಂದಿರು ಆ ಬ್ಯಾರನ್ ಮುಂದೆ, ಗದ್ದೆಯ ಕೆಸರಿನಲ್ಲಿ ದುಡಿದವರೇ. ತಿರುಮಲಾಂಬಾ ಅವರಿಗೆ ಇದ್ದ ಎರಡು ಕೊರತೆ, ಹೊಲಕ್ಕೆ ಹೋಗುವ ಅನುಮತಿ ಮತ್ತು ತರಗತಿಯಲ್ಲಿ ಕೂರುವ ಅನುಮತಿ, ಈ ಹುಡುಗಿಯರಿಗೆ ಇಲ್ಲ. ಅವರಿಗೆ ಬೇಕಾದದ್ದು ಬರೆದದ್ದನ್ನು ಅಚ್ಚು ಮಾಡುವ ಹತ್ತಿರದ ಕೈ. 1913ರಲ್ಲಿ ನಂಜನಗೂಡಿನಿಂದ ಹೊರಟ ಗ್ರಂಥಮಾಲೆಯಂಥದ್ದು, ಅವರದೇ ಊರಿನಲ್ಲಿ, ಅವರದೇ ಮಾತಿನಲ್ಲಿ.